ಕಿವಿಗೆ ತಲುಪುವ ಪುಟ, ಬೆರಳಿಗೆ ಸಿಗುವ ಒತ್ತು

ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ ಕಡತವೊಂದರಲ್ಲಿ ‘ಕನ್ನಡ’ ಎಂಬ ಪದ ಇದೆ ಅಂದುಕೊಳ್ಳಿ. ಕಣ್ಣಿಗೆ ಅದು ಕನ್ನಡವೇ. ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವುದೇ ಬೇರೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಓರೆಗೆರೆಯ ಎ, ಜರ್ಮನ್ ಭಾಷೆಯ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಂದು ಓರೆಗೆರೆಯ ಎ. ಈ ಏಳು ಗುರುತುಗಳ ಮೇಲೆ ಫಾಂಟು ಕನ್ನಡ ಅಕ್ಷರಗಳ ತುಂಡುಚಿತ್ರಗಳನ್ನು ಹೊದಿಸುತ್ತದೆ, ಅಷ್ಟೆ. ಕಣ್ಣಿರುವವರಿಗೆ ಹೊದಿಕೆ ಸಾಕು. ಪರದೆ ಓದುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಹೊದಿಕೆಯನ್ನು ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ. ಕಣ್ಣು ಕಾಣದ ವಿದ್ಯಾರ್ಥಿಗೆ ಇಡೀ ಪಾಠ ಅರ್ಥವಿಲ್ಲದ ಇಂಗ್ಲಿಷ್ ಸದ್ದಾಗಿ ಕೇಳುತ್ತದೆ.

ಇದೇ ಪದ ಯೂನಿಕೋಡಿನಲ್ಲಿದ್ದರೆ, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಆದ ಸಂಕೇತದಲ್ಲಿದ್ದರೆ, ಒಳಗೆ ಐದು ಗುರುತುಗಳಿರುತ್ತವೆ: ಕ, ನ, ಅರ್ಧಾಕ್ಷರ ಮಾಡುವ ಗುರುತು, ನ, ಡ. ನಾವು ಉಚ್ಚರಿಸುವ ಕ್ರಮವೇ ಅಲ್ಲಿನ ಕ್ರಮ. ಹಾಗಾಗಿ ಅದೇ ಪಠ್ಯವನ್ನು ಧ್ವನಿಯಾಗಿ ಓದಿಸಬಹುದು, ಬ್ರೈಲ್ ಚುಕ್ಕಿಗಳಾಗಿ ಮಾಡಬಹುದು, ದೊಡ್ಡಕ್ಷರದಲ್ಲಿ ಮುದ್ರಿಸಬಹುದು. ಅಂಗವಿಕಲ ವಿದ್ಯಾರ್ಥಿಗಳ ಸಹಾಯಕ ತಂತ್ರಜ್ಞಾನ ಎಂದಾಗ ಎಲ್ಲರ ಮಾತೂ ಉಪಕರಣದ ಸುತ್ತಲೇ ತಿರುಗುತ್ತದೆ: ಲ್ಯಾಪ್‌ಟಾಪ್, ಮಾತನಾಡುವ ಕನ್ನಡಕ, ಬ್ರೈಲ್ ಯಂತ್ರ. ಕನ್ನಡ ಮಾಧ್ಯಮದ ಕುರುಡು ಮಕ್ಕಳ ಮಟ್ಟಿಗೆ ಮೊದಲು ಸರಿಯಾಗಬೇಕಾದದ್ದು ಕಡತ. ಅದು ಕೆಟ್ಟಿದ್ದರೆ ಎಷ್ಟು ದುಬಾರಿ ಉಪಕರಣವೂ ಕೆಟ್ಟದ್ದನ್ನೇ ಜೋರಾಗಿ ಓದುತ್ತದೆ.

ಕಡತ ಯಾವ ಜಾತಿಯದೆಂದು ತಿಳಿಯುವುದು ಸುಲಭ. ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡಿಗೋ ವಾಟ್ಸಾಪಿಗೋ ಅಂಟಿಸಿ. ಅಲ್ಲಿಯೂ ಕನ್ನಡ ಕಂಡರೆ ಯೂನಿಕೋಡ್. ಓರೆಗೆರೆಯ ಎಗಳೂ ಪೌಂಡುಗಳೂ ಕಂಡರೆ ಹಳೆಯ ಸಂಕೇತ. ಏನೂ ಆಯ್ಕೆಯಾಗದೆ ಇಡೀ ಪುಟ ಒಂದೇ ಚಿತ್ರದಂತೆ ನೀಲಿಯಾದರೆ ಅದು ಸ್ಕ್ಯಾನ್ ಮಾಡಿದ ಪುಟ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ಹಳೆಯ ಸಂಕೇತವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಅವು ಕೊಟ್ಟದ್ದನ್ನು ಹಾಗೇ ಮಗುವಿನ ಕೈಗೆ ಕೊಡಬಾರದು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ, ಕೂತಿರುತ್ತದೆ. ಉಚ್ಚಾರದಲ್ಲಿ ಅದು ಮೊದಲು ಬರಬೇಕು. ಈ ಸ್ಥಳಾಂತರವನ್ನು ಮಾಡದ ಪರಿವರ್ತಕ ‘ಕರ್ನಾಟಕ’ವನ್ನು ‘ಕನಾರ್ಟಕ’ ಮಾಡುತ್ತದೆ, ‘ಸರ್ಕಾರ’ವನ್ನು ‘ಸಕಾರ್ರ’ ಮಾಡುತ್ತದೆ. ಪರಿವರ್ತಕ ಒಳ್ಳೆಯದೋ ಅಲ್ಲವೋ ಎಂದು ನೋಡಲು ಈ ಎರಡು ಪದಗಳು ಸಾಕು.

ಇದಕ್ಕಿಂತ ಕಷ್ಟದ್ದು ನಡುನಡುವೆ ಬರುವ ಇಂಗ್ಲಿಷ್. ವಿಜ್ಞಾನದ ಪುಸ್ತಕದಲ್ಲಿ ಸೋಡಿಯಂ ಕ್ಲೋರೈಡಿನ ಸೂತ್ರ ಇಂಗ್ಲಿಷ್ ಅಕ್ಷರಗಳಲ್ಲಿದೆ. ನಕಲು ಮಾಡಿ ಅಂಟಿಸುವಾಗ ಯಾವುದು ಯಾವ ಫಾಂಟಿನದು ಎಂಬ ಮಾಹಿತಿ ಅಳಿಸಿಹೋಗುತ್ತದೆ. ಪರಿವರ್ತಕಕ್ಕೆ ಎಲ್ಲವೂ ಒಂದೇ. ಸೂತ್ರವನ್ನೂ ಕನ್ನಡದ ಕಸವನ್ನಾಗಿ ಮಾಡಿಬಿಡುತ್ತದೆ. ಆದ್ದರಿಂದ ವಿಜ್ಞಾನ ಮತ್ತು ಗಣಿತದ ಪಾಠಗಳಲ್ಲಿ ಪರಿವರ್ತನೆಗೆ ಮೊದಲೇ ಸೂತ್ರಗಳ ಜಾಗದಲ್ಲಿ ‘೧೧೧’, ‘೨೨೨’ ಎಂಬಂಥ ಗುರುತು ಹಾಕಿಕೊಂಡು, ನಂತರ ಕೈಯಾರೆ ತುಂಬುವುದು ಒಳ್ಳೆಯದು. ನಿಧಾನದ ಕೆಲಸ, ಆದರೆ ತಪ್ಪು ಸೂತ್ರವನ್ನು ಬಾಯಿಪಾಠ ಮಾಡಿದ ಮಗುವನ್ನು ತಿದ್ದುವುದು ಅದಕ್ಕಿಂತ ನಿಧಾನ.

ಯೂನಿಕೋಡಿನಲ್ಲಿಯೂ ಕಣ್ಣಿಗೆ ಕಾಣದ ತಪ್ಪುಗಳಿರುತ್ತವೆ. ಎಲ್ಲಕ್ಕಿಂತ ಹೆಚ್ಚು ಸಿಗುವುದು ಸೊನ್ನೆಯ ಗೊಂದಲ. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ತರಹ. ಒಳಗೆ ಬೇರೆ ಬೇರೆ ಗುರುತು. ಅವಸರದಲ್ಲಿ ಟೈಪ್ ಮಾಡಿದವರು ‘ಹಂಪಿ’ಯಲ್ಲಿ ಅನುಸ್ವಾರದ ಬದಲು ಅಂಕಿ ಒತ್ತಿದ್ದರೆ ಧ್ವನಿ ‘ಹ ಸೊನ್ನೆ ಪಿ’ ಎನ್ನುತ್ತದೆ. ಹುಡುಕಿ ಬದಲಿಸುವ ಆಜ್ಞೆಯಿಂದ ಸರಿಮಾಡಬಹುದು, ಆದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕನ್ನಡ ಅಂಕಿಯಲ್ಲಿರುವ ಹತ್ತು, ನೂರುಗಳೆಲ್ಲ ಕೆಟ್ಟುಹೋಗುತ್ತವೆ. ಅಂಕಿಯ ಪಕ್ಕದಲ್ಲಿರುವುದನ್ನು ಬಿಟ್ಟು, ಅಕ್ಷರದ ಪಕ್ಕದಲ್ಲಿರುವುದನ್ನು ಮಾತ್ರ ಬದಲಿಸಬೇಕು.

ಪಿಡಿಎಫ್ ವಿಷಯದಲ್ಲಿ ಒಂದೇ ಮಾತು: ಅದನ್ನು ಮೂಲ ಎಂದು ಇಟ್ಟುಕೊಳ್ಳಬೇಡಿ. ಯೂನಿಕೋಡಿನಲ್ಲಿ ಟೈಪ್ ಮಾಡಿದ ಕನ್ನಡವೂ ಪಿಡಿಎಫ್ ಆದ ಮೇಲೆ ನಕಲು ಮಾಡಿದರೆ ಒತ್ತುಗಳು ದಿಕ್ಕಾಪಾಲಾಗಿ ಬರುವುದುಂಟು. ಪಿಡಿಎಫ್ ಅಕ್ಷರದ ಆಕಾರವನ್ನು ಕಾಪಾಡುತ್ತದೆ, ಅಕ್ಷರವನ್ನು ಕಾಪಾಡುತ್ತದೆ ಎಂಬ ಭರವಸೆಯಿಲ್ಲ. ಪ್ರಶ್ನೆಪತ್ರಿಕೆ ಇರಲಿ, ಟಿಪ್ಪಣಿ ಇರಲಿ, ವರ್ಡ್ ಕಡತವನ್ನೇ ಕೊಡಿ.

ಪುಸ್ತಕ ಕಾಗದದಲ್ಲಿ ಮಾತ್ರ ಇದ್ದರೆ ಅಕ್ಷರ ಗುರುತಿಸುವ ತಂತ್ರಾಂಶ, ಅಂದರೆ ಓಸಿಆರ್ ಬೇಕು. ಉಚಿತವಾಗಿರುವ ಟೆಸೆರಾಕ್ಟ್‌ಗೆ ಕನ್ನಡ ಬರುತ್ತದೆ. ಗೂಗಲ್ ಡ್ರೈವಿಗೆ ಚಿತ್ರವನ್ನು ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಪಠ್ಯ ಸಿಗುತ್ತದೆ. ಫಲಿತಾಂಶ ಚೆನ್ನಾಗಿ ಬರುವುದೂ ಬಾರದಿರುವುದೂ ಹೆಚ್ಚಾಗಿ ಚಿತ್ರದ ಮೇಲೆ ನಿಂತಿದೆ. ಸ್ಕ್ಯಾನರಿನಲ್ಲಾದರೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ. ಫೋನಿನಲ್ಲಾದರೆ ಕಿಟಕಿಯ ಪಕ್ಕ ಬೆಳಕು ಓರೆಯಾಗಿ ಬೀಳುವಂತೆ ಇಟ್ಟು, ಫ್ಲ್ಯಾಶ್ ಇಲ್ಲದೆ, ಪುಟವನ್ನು ಗಾಜಿನ ತುಂಡಿನಿಂದ ಒತ್ತಿ ಚಪ್ಪಟೆ ಮಾಡಿ ತೆಗೆಯಿರಿ. ಹೊಲಿಗೆಯ ಕಡೆ ಪುಟ ಬಾಗಿದಲ್ಲೆಲ್ಲ ಸಾಲಿನ ಕೊನೆಯ ಪದಗಳು ಹಾಳಾಗುತ್ತವೆ. ಟೆಸೆರಾಕ್ಟ್‌ನಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಆರಿಸದಿದ್ದರೆ ಇಂಗ್ಲಿಷ್ ಪದಗಳು ಕನ್ನಡದ ವೇಷ ಹಾಕಿಕೊಂಡು ಬರುತ್ತವೆ.

ಕನ್ನಡದ ಓಸಿಆರ್ ಎಡವುವ ಜಾಗಗಳು ಮೊದಲೇ ಗೊತ್ತಿದ್ದರೆ ತಿದ್ದುವುದು ಬೇಗ ಆಗುತ್ತದೆ. ದ-ಧ, ಡ-ಢ, ಬ-ಭ, ಪ-ಫ: ಈ ಜೋಡಿಗಳಲ್ಲಿ ವ್ಯತ್ಯಾಸ ಇರುವುದು ಬುಡದ ಒಂದು ಸಣ್ಣ ಸೀಳಿನಲ್ಲಿ. ಪ ಮತ್ತು ಷ ನಡುವೆ ಹೊಟ್ಟೆಯೊಳಗಿನ ಗೆರೆ. ರ ಮತ್ತು ಠ ನಡುವೆ ಒಂದು ಚುಕ್ಕಿ. ಮಸಿ ಸ್ವಲ್ಪ ಹರಡಿದರೆ ಸೀಳು ಮುಚ್ಚಿಹೋಗುತ್ತದೆ. ತಿದ್ದುವಾಗ ಎರಡು ಸುತ್ತು ಮಾಡಿ. ಮೊದಲ ಸುತ್ತಿನಲ್ಲಿ ಕಂಪ್ಯೂಟರ್ ಗಟ್ಟಿಯಾಗಿ ಓದಲಿ, ನೀವು ಪುಸ್ತಕದ ಮೇಲೆ ಕಣ್ಣಿಟ್ಟಿರಿ. ಬಿಟ್ಟುಹೋದ ಸಾಲು, ಕೆಟ್ಟ ಪದ, ಸೊನ್ನೆಯ ಗೊಂದಲ ಕಿವಿಗೆ ತಕ್ಷಣ ಚುಚ್ಚುತ್ತವೆ. ಶ-ಷ ವ್ಯತ್ಯಾಸದಂಥವು ಕಿವಿಗೆ ಸಿಗುವುದಿಲ್ಲ; ಅದಕ್ಕೆ ಎರಡನೇ ಸುತ್ತು, ಬರೀ ಕಣ್ಣಿನಿಂದ. ಪದ್ಯಗಳಲ್ಲಿ ಇನ್ನೊಂದು ತೊಂದರೆ: ಓಸಿಆರ್ ಸಾಲುಗಳನ್ನು ಕೂಡಿಸಿ ಗದ್ಯ ಮಾಡುತ್ತದೆ. ಷಟ್ಪದಿಯ ಆರು ಸಾಲು ಆರು ಸಾಲಾಗಿಯೇ ಇರಬೇಕು, ಇಲ್ಲದಿದ್ದರೆ ಪ್ರಾಸ ಎಲ್ಲಿ ಬಿತ್ತು ಎಂದು ಮಗುವಿಗೆ ತಿಳಿಯುವುದೇ ಇಲ್ಲ.

ಪಠ್ಯ ಶುದ್ಧವಾದ ಮೇಲೆ ಅದಕ್ಕೆ ಎಲುಬು ಕೊಡಬೇಕು. ವರ್ಡಿನಲ್ಲಿ ಪಾಠದ ಹೆಸರನ್ನು ದಪ್ಪಕ್ಷರ ಮಾಡಿ ಬಿಟ್ಟರೆ ಸ್ಕ್ರೀನ್ ರೀಡರಿಗೆ ಅದು ಶೀರ್ಷಿಕೆ ಅಲ್ಲ. ಕಂಟ್ರೋಲ್, ಆಲ್ಟ್, 1 ಒಟ್ಟಿಗೆ ಒತ್ತಿದರೆ ಮೊದಲ ಹಂತದ ಶೀರ್ಷಿಕೆ, 2 ಒತ್ತಿದರೆ ಎರಡನೆಯದು. ಹೀಗೆ ಮಾಡಿದರೆ ವಿದ್ಯಾರ್ಥಿ ಒಂದು ಪಾಠದಿಂದ ಇನ್ನೊಂದಕ್ಕೆ ಜಿಗಿಯಬಹುದು. ಇಲ್ಲದಿದ್ದರೆ ಹನ್ನೆರಡನೇ ಪಾಠಕ್ಕೆ ಹೋಗಲು ಹನ್ನೊಂದನ್ನು ಕೇಳಿಸಿಕೊಳ್ಳಬೇಕು. ಮುದ್ರಿತ ಪುಸ್ತಕದ ಪುಟಸಂಖ್ಯೆಯನ್ನೂ ಪಠ್ಯದೊಳಗೇ ಬರೆಯಿರಿ: ‘ಪುಟ 42’ ಎಂದು ಅದರದೇ ಸಾಲಿನಲ್ಲಿ. ತರಗತಿಯಲ್ಲಿ ಮೇಷ್ಟ್ರು “ನಲವತ್ತೆರಡನೇ ಪುಟ ತೆಗೀರಿ” ಎಂದಾಗ ಉಳಿದ ಮಕ್ಕಳ ಜೊತೆಗೇ ಆ ಮಗುವೂ ಅಲ್ಲಿಗೆ ತಲುಪಬೇಕು. ಪರಿವರ್ತನೆ ಮಾಡುವವರು ಅತಿ ಹೆಚ್ಚು ಮರೆಯುವುದು ಇದನ್ನೇ, ಮತ್ತು ಇದಕ್ಕೆ ಖರ್ಚು ಏನೇನೂ ಇಲ್ಲ.

ಅಭ್ಯಾಸದ ಪ್ರಶ್ನೆಗಳಲ್ಲಿ ‘ಹೊಂದಿಸಿ ಬರೆಯಿರಿ’ ದೊಡ್ಡ ಬಲೆ. ಎರಡು ಪಟ್ಟಿಗಳನ್ನು ಸ್ಪೇಸ್ ಒತ್ತಿ ಒತ್ತಿ ಅಕ್ಕಪಕ್ಕ ಜೋಡಿಸಿದ್ದರೆ ಸ್ಕ್ರೀನ್ ರೀಡರ್ ಅಡ್ಡಡ್ಡಲಾಗಿ ಓದುತ್ತದೆ. ಮಗು ಅದನ್ನೇ ಉತ್ತರದ ಜೋಡಿ ಅಂದುಕೊಳ್ಳುತ್ತದೆ. ಮೊದಲು ‘ಅ’ ಪಟ್ಟಿ ಪೂರ್ತಿ, ಅದರ ಕೆಳಗೆ ‘ಬ’ ಪಟ್ಟಿ ಪೂರ್ತಿ ಬರೆಯಿರಿ. ಖಾಲಿ ಗೆರೆ ಎಳೆಯುವಲ್ಲಿ ‘ಬಿಟ್ಟ ಸ್ಥಳ’ ಎಂದೇ ಟೈಪ್ ಮಾಡಿ. ಚಿತ್ರವಿದ್ದಲ್ಲಿ ಅದರ ಮೇಲೆ ಬಲಗುಂಡಿ ಒತ್ತಿ ಆಲ್ಟ್ ಟೆಕ್ಸ್ಟ್ ತೆರೆದು ಎರಡು ವಾಕ್ಯ ಬರೆಯಬೇಕು. ‘ಹೂವಿನ ಚಿತ್ರ’ ಎಂದರೆ ಪ್ರಯೋಜನವಿಲ್ಲ. ‘ದಾಸವಾಳದ ಉದ್ದಸೀಳು: ನಡುವೆ ಶಲಾಕೆ, ಅದರ ಸುತ್ತ ಕೊಳವೆಯಂತೆ ಕೂಡಿಕೊಂಡ ಕೇಸರಗಳು’ ಎಂದರೆ ಪಾಠ ಸಿಗುತ್ತದೆ.

ಈಗ ಓದಿಸುವ ತಂತ್ರಾಂಶ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಸಾಕು; ಮೈಕಲ್ ಕರ್ರನ್ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭಿಸಿದ ಉಚಿತ, ಮುಕ್ತ ತಂತ್ರಾಂಶ. ಕರ್ರನ್ ಅವರಿಗೇ ಕಣ್ಣು ಕಾಣದು, ಅದರ ಗುಣ ಪ್ರತಿ ಕೀಲಿಯಲ್ಲೂ ಕಾಣುತ್ತದೆ. ಇನ್ಸರ್ಟ್, ಕಂಟ್ರೋಲ್, ಎಸ್ ಒತ್ತಿದರೆ ಧ್ವನಿಯಂತ್ರ ಆರಿಸುವ ಕಿಟಕಿ ಬರುತ್ತದೆ. ಅಲ್ಲಿ ಈಸ್ಪೀಕ್ ಎನ್‌ಜಿ ಇರಲಿ. ಇನ್ಸರ್ಟ್, ಕಂಟ್ರೋಲ್, ವಿ ಒತ್ತಿ ಧ್ವನಿಗಳ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿ. ಇಷ್ಟಾದರೂ ಕನ್ನಡ ಕೇಳದಿದ್ದರೆ ಎರಡು ಕಾರಣಗಳನ್ನು ನೋಡಿ. ಆರಿಸಿದ ಧ್ವನಿಗೆ ಕನ್ನಡವೇ ಗೊತ್ತಿಲ್ಲದಿದ್ದರೆ ಅದು ತಪ್ಪಾಗಿ ಓದುವ ಬದಲು ಸುಮ್ಮನೆ ದಾಟಿಹೋಗುವುದುಂಟು. ಮಗು ಪುಟ ಖಾಲಿ ಎಂದುಕೊಳ್ಳುತ್ತದೆ. ಎರಡನೆಯದು, ವರ್ಡ್ ಕಡತದಲ್ಲಿ ಆ ಕನ್ನಡ ಪಠ್ಯಕ್ಕೆ ಇಂಗ್ಲಿಷ್ ಎಂಬ ಹಣೆಪಟ್ಟಿ ಅಂಟಿರುವುದು. ಭಾಷೆ ತಾನಾಗಿ ಬದಲಾಗುವ ಆಯ್ಕೆ ಚಾಲೂ ಇದ್ದರೆ ಎನ್‌ವಿಡಿಎ ಆ ಹಣೆಪಟ್ಟಿಯನ್ನು ನಂಬಿ ಇಂಗ್ಲಿಷ್ ಧ್ವನಿಗೆ ಹೊರಳುತ್ತದೆ. ಪಠ್ಯವನ್ನೆಲ್ಲ ಆರಿಸಿ, ರಿವ್ಯೂ ಪಟ್ಟಿಯ ಲ್ಯಾಂಗ್ವೇಜ್ ಎಂಬಲ್ಲಿ ಕನ್ನಡ ಎಂದು ಗುರುತು ಮಾಡಿದರೆ ಸರಿಹೋಗುತ್ತದೆ.

ಈಸ್ಪೀಕಿನ ಕನ್ನಡ ಮೊದಲ ಸಲ ಕೇಳಿದವರಿಗೆ ತಗಡು ಬಡಿದಂತೆ ಅನಿಸುತ್ತದೆ. ಹಾಗೆಂದು ಅದನ್ನು ತೆಗೆದುಹಾಕಬೇಡಿ. ಕೀಲಿ ಒತ್ತಿದ ಕೂಡಲೇ ಉತ್ತರಿಸುತ್ತದೆ, ಇಂಟರ್ನೆಟ್ ಬೇಡ, ವೇಗ ಎಷ್ಟು ಏರಿಸಿದರೂ ಅಕ್ಷರ ನುಂಗುವುದಿಲ್ಲ. ಮೈಕ್ರೋಸಾಫ್ಟ್ ಎಡ್ಜ್‌ನಲ್ಲಿರುವ ಸಪ್ನಾ, ಗಗನ್ ಎಂಬ ಕನ್ನಡ ಧ್ವನಿಗಳು ಮನುಷ್ಯರಂತೆ ಓದುತ್ತವೆ, ಕಥೆ ಕೇಳಲು ಅವು ಇರಲಿ. ಅವಕ್ಕೆ ಇಂಟರ್ನೆಟ್ ಬೇಕು. ಟೈಪ್ ಮಾಡಲು, ಕಾಗುಣಿತ ನೋಡಲು ಈಸ್ಪೀಕ್ ಇರಲಿ. ಆಂಡ್ರಾಯ್ಡ್ ಫೋನಿನಲ್ಲಿ ಪರದೆ ಓದಲು ಟಾಕ್‌ಬ್ಯಾಕ್ ಇದೆ. ಗೂಗಲ್ ಧ್ವನಿಯಂತ್ರದ ಸೆಟ್ಟಿಂಗ್ಸಿಗೆ ಹೋಗಿ ಕನ್ನಡ ಧ್ವನಿಯ ದತ್ತಾಂಶವನ್ನು ಮೊದಲೇ ಇಳಿಸಿಕೊಂಡು, ಏರ್‌ಪ್ಲೇನ್ ಮೋಡಿನಲ್ಲಿ ಓದುತ್ತದೆಯೇ ಎಂದು ಪರೀಕ್ಷಿಸಿ ಕೊಡಿ, ಊರಲ್ಲಿ ಸಿಗ್ನಲ್ ಇಲ್ಲದ ದಿನ ಮಾತು ನಿಲ್ಲಬಾರದು. ಇಯರ್‌ಫೋನ್ ಒಂದೇ ಕಿವಿಗೆ. ಇನ್ನೊಂದು ಕಿವಿ ಪಾಠ ಮಾಡುವವರಿಗೆ ಬಿಟ್ಟಿರಲಿ.

ಇಷ್ಟೆಲ್ಲ ಆದ ಮೇಲೆ “ಇನ್ನು ಬ್ರೈಲ್ ಯಾಕೆ?” ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆ ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಕೇಳಿಯೇ ಕಲಿತ ಮಗುವಿಗೆ ‘ಶೇಷ’ ಎಂಬ ಪದದಲ್ಲಿ ಎರಡು ಬೇರೆ ಅಕ್ಷರಗಳಿವೆ ಎಂದು ತಿಳಿಯುವ ದಾರಿಯೇ ಇಲ್ಲ. ಧ್ವನಿಯಂತ್ರಗಳು ಶ-ಷ ಎರಡನ್ನೂ ಹೆಚ್ಚುಕಡಿಮೆ ಒಂದೇ ತರಹ ನುಡಿಯುತ್ತವೆ, ನಾವೂ ಹಾಗೆಯೇ ನುಡಿಯುತ್ತೇವೆ. ಬೆರಳಿಗೆ ಅವು ಬೇರೆ. ಬ್ರೈಲಿನ ಒಂದೊಂದು ಮನೆಯಲ್ಲಿ 1ರಿಂದ 6ರವರೆಗೆ ಎಣಿಸುವ ಆರು ಚುಕ್ಕಿಗಳ ಜಾಗ: ಶ ಅಂದರೆ 1, 4, 6ನೇ ಚುಕ್ಕಿ, ಷ ಅಂದರೆ 1, 2, 3, 4, 6, ಸ ಅಂದರೆ 2, 3, 4. ಲ 1, 2, 3. ಳ 4, 5, 6. ಕಾಗುಣಿತ ಬೆರಳ ತುದಿಯಲ್ಲಿ ಕೂರುತ್ತದೆ.

ಭಾರತದ ಭಾಷೆಗಳೆಲ್ಲಕ್ಕೂ ಒಂದೇ ಆಗಿರುವ ಭಾರತಿ ಬ್ರೈಲ್ 1951ರಿಂದ ಬಳಕೆಯಲ್ಲಿದೆ. ಕನ್ನಡ ಲಿಪಿಯಲ್ಲಿ ಒತ್ತು ಕೆಳಗೆ ಹೋಗುತ್ತದೆ, ಗುಣಿತದ ಕೊಂಬು ಪಕ್ಕಕ್ಕೂ ಮೇಲಕ್ಕೂ ಅಂಟುತ್ತದೆ. ಬ್ರೈಲಿನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ, ಉಚ್ಚಾರದ ಕ್ರಮದಲ್ಲಿ. ಅರ್ಧಾಕ್ಷರ ಬೇಕಾದಾಗ ಆ ವ್ಯಂಜನದ ಮುಂಚೆ 4ನೇ ಚುಕ್ಕಿ ಇಡುತ್ತಾರೆ. ಹಾಗಾಗಿ ‘ಕನ್ನಡ’ ಎಂದರೆ ಕ, 4ನೇ ಚುಕ್ಕಿ, ನ, ನ, ಡ: ಐದು ಮನೆ. ‘ವಿದ್ಯಾರ್ಥಿ’ ಎಂದರೆ ವ, ಇ, 4ನೇ ಚುಕ್ಕಿ, ದ, ಯ, ಆ, 4ನೇ ಚುಕ್ಕಿ, ರ, ಥ, ಇ: ಹತ್ತು ಮನೆ. ಕಣ್ಣಿಗೆ ಕೇವಲ ಮೂರು ಅಕ್ಷರವಾಗಿ ಕಾಣುವ ಪದ ಬೆರಳಿಗೆ ಹತ್ತು. ಇಪ್ಪತ್ತು ಮನೆಗಳ ಎಲೆಕ್ಟ್ರಾನಿಕ್ ಬ್ರೈಲ್ ಪಟ್ಟಿಯಲ್ಲಿ ಈ ಪದವನ್ನು ಎರಡು ಸಲ ಬರೆಯಲು ಜಾಗ ಸಾಲದು, ನಡುವಿನ ತೆರಪು ಸೇರಿ ಇಪ್ಪತ್ತೊಂದಾಗುತ್ತದೆ. ಇಂಗ್ಲಿಷ್ ಓದುಗರಿಗೆ ಸಾಕೆನಿಸುವ ಅಳತೆ ಕನ್ನಡಕ್ಕೆ ಸಾಕಾಗುವುದಿಲ್ಲ. ಕೊಳ್ಳುವ ಮುಂಚೆ ಇದನ್ನು ಲೆಕ್ಕ ಹಾಕಿ. ಹಣ ಕಡಿಮೆ ಇದ್ದರೆ ಒಳ್ಳೆಯ ಬ್ರೈಲ್ ಸ್ಲೇಟು, ಕಡ್ಡಿ, ದಪ್ಪ ಕಾಗದ ಸಾಕು. ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಚುಚ್ಚಿ, ಕಾಗದ ತಿರುಗಿಸಿ ಎಡದಿಂದ ಬಲಕ್ಕೆ ಓದುವುದನ್ನು ಚಿಕ್ಕ ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಯೂನಿಕೋಡ್ ಪಠ್ಯದಿಂದ ಬ್ರೈಲ್ ಮಾಡುವ ಕೆಲಸವನ್ನು ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ; ಎನ್‌ವಿಡಿಎ ಒಳಗೂ ಅದೇ ಇದೆ, ಕನ್ನಡದ ಪಟ್ಟಿಯೂ ಅದರಲ್ಲಿದೆ. ‘ಕನಾರ್ಟಕ’ ಎಂಬ ತಪ್ಪು ಕಡತದಲ್ಲಿ ಉಳಿದಿದ್ದರೆ ಅದೇ ತಪ್ಪು ಉಬ್ಬುಚುಕ್ಕಿಯಾಗಿ ಕಾಗದದ ಮೇಲೆ ಬರುತ್ತದೆ, ಅದನ್ನು ಮತ್ತೆ ಅಳಿಸಲಾಗದು.

ನಕ್ಷೆ ಮತ್ತು ರೇಖಾಗಣಿತಕ್ಕೆ ಕಡಿಮೆ ಖರ್ಚಿನ ಉಪಾಯ ದರ್ಜಿಗಳ ಹಲ್ಲುಚಕ್ರ. ಬಟ್ಟೆಯ ಮೇಲೆ ಗುರುತು ಹಾಕಲು ಬಳಸುವ ಹಿಡಿಯುಳ್ಳ ಚಕ್ರ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ರಬ್ಬರ್ ಹಾಳೆಯ ಮೇಲೆ ದಪ್ಪ ಕಾಗದ ಇಟ್ಟು ಗೆರೆಯ ಮೇಲೆ ಉರುಳಿಸಿದರೆ ಹಿಂಬದಿಯಲ್ಲಿ ಚುಕ್ಕಿಗಳು ಏಳುತ್ತವೆ. ಏಳುವುದು ಹಿಂಬದಿಯಲ್ಲಿ ಎಂಬುದನ್ನು ಮರೆತರೆ ಕರ್ನಾಟಕದ ನಕ್ಷೆ ತಿರುಗಿ ಕಾರವಾರ ಬಲಕ್ಕೆ, ಬೀದರ್ ಎಡಕ್ಕೆ ಹೋಗುತ್ತದೆ. ನಕ್ಷೆಯನ್ನು ಕಿಟಕಿ ಗಾಜಿಗೆ ಮಗುಚಿ ಹಿಡಿದು ಹಿಂಬದಿಯ ಆಕಾರವನ್ನು ಕಾಗದಕ್ಕೆ ಇಳಿಸಿ, ಆ ಗೆರೆಗಳ ಮೇಲೆ ಚಕ್ರ ಉರುಳಿಸಿ. ಒಂದು ಹಾಳೆಯಲ್ಲಿ ಒಂದೇ ವಿಷಯ: ಗಡಿಗೆ ಒಂದು, ಗಡಿ ಮತ್ತು ನದಿಗೆ ಇನ್ನೊಂದು. ಎರಡು ಗೆರೆಗಳ ನಡುವೆ ಅರ್ಧ ಸೆಂಟಿಮೀಟರಾದರೂ ಇಲ್ಲದಿದ್ದರೆ ಬೆರಳಿಗೆ ಎರಡೂ ಒಂದೇ. ಗಣಿತದಲ್ಲಿ ‘ಎ ಪ್ಲಸ್ ಬಿ ಬೈ ಸಿ’ ಎಂದು ಓದಿಸಿದರೆ ಛೇದದ ಮೇಲೆ ಬರೀ ಬಿ ಇದೆಯೋ ಎರಡೂ ಇವೆಯೋ ತಿಳಿಯದು. ‘ಭಿನ್ನರಾಶಿ ಆರಂಭ, ಅಂಶ ಎ ಪ್ಲಸ್ ಬಿ, ಛೇದ ಸಿ, ಭಿನ್ನರಾಶಿ ಮುಗಿಯಿತು’ ಎಂದು ಬರೆಯುವುದು ಉದ್ದವಾದರೂ ಸಂಶಯವಿಲ್ಲದ್ದು.

ದೃಷ್ಟಿ ಮಂದವಾಗಿರುವ ಮಕ್ಕಳ ವಿಷಯದಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ಸಂಗತಿ ಇದೆ. ಎ4 ಪುಟವನ್ನು ಎ3ಗೆ ಝೆರಾಕ್ಸ್ ಮಾಡಿದರೆ ಅಕ್ಷರ ಸುಮಾರು 1.4 ಪಟ್ಟು ದೊಡ್ಡದಾಗುತ್ತದೆ, ಆದರೆ ಒತ್ತಕ್ಷರ ಮೂಲದಲ್ಲೇ ಚಿಕ್ಕದು. ಮಗು ‘ಅಕ್ಕ’ದ ಮೇಲಿನ ಅಕ್ಷರ ಓದಿ ಒತ್ತನ್ನು ಊಹಿಸುತ್ತಿರುತ್ತದೆ. ಎಷ್ಟು ದೊಡ್ಡದು ಬೇಕು ಎಂದು ನಿರ್ಧರಿಸುವಾಗ ‘ಸ್ವಾತಂತ್ರ್ಯ’, ‘ರಾಷ್ಟ್ರ’ದಂಥ ಪದಗಳನ್ನು ತೋರಿಸಿ ಓದಿಸಿ. ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರವಿರಲಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಕೊಂಬಿಗೆ ತಾಗಬಾರದು.

ಪುಸ್ತಕ ಪರಿವರ್ತಿಸಲು ಹಕ್ಕುಸ್ವಾಮ್ಯದ ಅಡ್ಡಿಯಿದೆ ಎಂದು ಹಿಂಜರಿಯುವ ಶಾಲೆಗಳಿಗೆ ಉತ್ತರ ಕಾನೂನಿನಲ್ಲೇ ಇದೆ. 2012ರ ತಿದ್ದುಪಡಿಯ ನಂತರ ಅಂಗವಿಕಲರಿಗೆ ಓದಲು ಬರುವ ರೂಪಕ್ಕೆ ಪುಸ್ತಕ ತರುವುದು, ಲಾಭದ ಉದ್ದೇಶವಿಲ್ಲದಿದ್ದರೆ, ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಂ, ನಿಗದಿತ ಪ್ರಮಾಣದ ಅಂಗವೈಕಲ್ಯ ಇರುವ ವಿದ್ಯಾರ್ಥಿಗಳಿಗೆ ಹದಿನೆಂಟು ವರ್ಷದವರೆಗೆ ಪುಸ್ತಕ ಮತ್ತು ಸಹಾಯಕ ಸಾಧನಗಳನ್ನು ಉಚಿತವಾಗಿ ಕೊಡಬೇಕೆನ್ನುತ್ತದೆ. ಕೆಲಸ ಆರಂಭಿಸುವ ಮೊದಲು 2016ರಲ್ಲೇ ಶುರುವಾದ, ಇಂಥ ಪುಸ್ತಕಗಳ ಅಂತರ್ಜಾಲ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯದ ಜಾಲತಾಣದಲ್ಲಿ ಹುಡುಕಿ; ಇನ್ನೊಬ್ಬರು ಮಾಡಿಟ್ಟಿದ್ದರೆ ನಿಮ್ಮ ತಿಂಗಳ ಶ್ರಮ ಉಳಿಯುತ್ತದೆ.

ಕೊನೆಗೆ ಪರೀಕ್ಷೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ ಎಂದಿತ್ತು. ಬರೆಯಲು ಸಹಾಯಕರ ಬದಲು ಕಂಪ್ಯೂಟರ್ ಬಳಸುವವರಿಗೆ ಹಿಂದಿನ ದಿನವೇ ಯಂತ್ರವನ್ನು ನೋಡಿಕೊಳ್ಳುವ ಅವಕಾಶವೂ ಅದರಲ್ಲಿತ್ತು. ಆ ದಿನ ನೋಡಬೇಕಾದ ಮುಖ್ಯ ವಿಷಯ ಕೀಲಿಮಣೆಯ ವಿನ್ಯಾಸ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ‘ಕನ್ನಡ’ ಎಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ವಿಂಡೋಸ್ ಜೊತೆಗೇ ಬರುವ ಇನ್‌ಸ್ಕ್ರಿಪ್ಟಿನಲ್ಲಿ ಅದೇ ಪದ ಕೆ, ವಿ, ಡಿ, ವಿ, ನಂತರ ಚೌಕ ಆವರಣದ ಕೀಲಿ. ಒಂದನ್ನು ಬೆರಳಿಗೆ ರೂಢಿಸಿಕೊಂಡ ವಿದ್ಯಾರ್ಥಿಗೆ ಇನ್ನೊಂದು ಸಿಕ್ಕಿದರೆ ಓದಿದ್ದೆಲ್ಲ ತಲೆಯಲ್ಲೇ ಉಳಿಯುತ್ತದೆ. ಹಿಂದಿನ ಸಂಜೆ ಆ ಯಂತ್ರದಲ್ಲೇ ಒಂದು ವಾಕ್ಯ ಟೈಪ್ ಮಾಡಿಸಿ, ಕನ್ನಡ ಧ್ವನಿ ಅದನ್ನು ಓದಿತೇ ಎಂದು ಕೇಳಿ, ಕಡತ ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡಿ. ಇಯರ್‌ಫೋನ್ ಎರಡು ತೆಗೆದುಕೊಂಡು ಹೋಗಿ.